ಕಾಂಟ್ ಹೇಳುವ 'ಇಂಟ್ಯೂಷನ್'ಗೆ 'ನೋಟ' ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾವು ಒಂಬತ್ತು ಮಂದಿ ಸೇರಿ ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್' ಓದುತ್ತಿದ್ದೇವೆ. ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಸೇರುತ್ತೇವೆ. ಒಬ್ಬರು ಒಂದು ಪ್ಯಾರಾ ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಅದನ್ನು ಕನ್ನಡದಲ್ಲಿ ಹೇಳಲು ಎಲ್ಲರೂ ಪ್ರಯತ್ನಿಸುತ್ತೇವೆ. ಒಬ್ಬೊಬ್ಬರ ಬಳಿ ಒಂದೊಂದು ಇಂಗ್ಲಿಷ್ ಅನುವಾದ. ಹಾಗಾಗಿ ಮೊದಮೊದಲು ಪುಟ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಈಗ ಅಂಚಿನಲ್ಲಿರುವ ಎ, ಬಿ ಸಂಖ್ಯೆಗಳನ್ನೇ ಹೇಳುತ್ತೇವೆ. ಎ ಅಂದರೆ 1781ರ ಮೊದಲ ಆವೃತ್ತಿಯ ಪುಟ, ಬಿ ಅಂದರೆ 1787ರ ಎರಡನೆಯದರ ಪುಟ. ಪುಟದ ತೊಂದರೆ ತೀರಿತು. ಪದದ ತೊಂದರೆ ಉಳಿದಿದೆ.

ಸಿಕ್ಕಿಕೊಂಡಿರುವುದು 'ಇಂಟ್ಯೂಷನ್' ಎಂಬಲ್ಲಿ. 'ಅಂತಃಪ್ರಜ್ಞೆ', 'ಒಳಅರಿವು', 'ಸ್ಫುರಣೆ' ಎಂದೆಲ್ಲ ಬಳಸುತ್ತೇವೆ. "ಯಾಕೋ ಹಾಗೇ ಅನ್ನಿಸಿತು" ಎನ್ನುವಂಥ ಅರಿವಿಗೆ ಇವು ಸರಿ. ಕಾಂಟ್ ಹೇಳುವುದು ಅದಲ್ಲ. ಅವನ ಜರ್ಮನ್ ಪದ 'ಆನ್‌ಶೌಉಂಗ್', ನೋಡು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಎದುರಿಗಿರುವ ಈ ಒಂದು ವಸ್ತು ನೇರವಾಗಿ ನಮಗೆ ಒದಗುವ ಬಗೆ ಅದು. ಕಲ್ಲು ಕಣ್ಣಿಗೆ ಬೀಳುತ್ತದೆ. 'ಇದು ಕಲ್ಲು' ಎಂದುಕೊಳ್ಳಲು ಪರಿಕಲ್ಪನೆ ಬೇಕು.

ಎ51/ಬಿ75ರ ಪ್ರಸಿದ್ಧ ಮಾತನ್ನೇ ನೋಡಿ. ತಿರುಳಿಲ್ಲದ ಯೋಚನೆ ಬರಿದು, ಪರಿಕಲ್ಪನೆಯಿಲ್ಲದ ಇಂಟ್ಯೂಷನ್ ಕುರುಡು. ಅಲ್ಲಿ 'ಅಂತಃಪ್ರಜ್ಞೆ' ಹಾಕಿದರೆ ಅರ್ಥವೇ ತಲೆಕೆಳಗಾಗುತ್ತದೆ. ಕಾಂಟ್ ಇಲ್ಲಿ ಧ್ಯಾನಿಗಳ ಅನುಭವವನ್ನು ಹಳಿಯುತ್ತಿದ್ದಾನೆ ಎಂದೇ ನಮ್ಮಲ್ಲೊಬ್ಬರು ಎರಡು ವಾರ ವಾದಿಸಿದರು. ತಪ್ಪು ಅವರದಲ್ಲ, ಪದದ್ದು.

ನನ್ನ ಒಲವು 'ನೋಟ'ದ ಕಡೆ. 'ಪರಿಕಲ್ಪನೆಯಿಲ್ಲದ ನೋಟ ಕುರುಡು' ಎಂದಾಗ ಮಾತಿನ ಬಿಗಿ ಹಾಗೇ ಉಳಿಯುತ್ತದೆ. ನೋಟ ಬರೀ ಕಣ್ಣಿನದು ಎಂದು ಗುಂಪಿನಲ್ಲಿ ಆಕ್ಷೇಪ ಬಂತು. ಆದರೆ ಕನ್ನಡದಲ್ಲಿ ನಾವು ರುಚಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಮುಟ್ಟಿ ನೋಡುತ್ತೇವೆ. ಅಲ್ಲಿ ಪರೀಕ್ಷಿಸು ಎಂಬ ಅರ್ಥವೇ ಜಾಸ್ತಿ, ಒಪ್ಪುತ್ತೇನೆ. ಆದರೂ ಆ ಪದ ಕಣ್ಣನ್ನು ದಾಟಿ ಹೋಗಿದೆ, ಅಲ್ವಾ?

'ಕಾಣ್ಕೆ' ಎಂದು ಇನ್ನೊಬ್ಬರು ಸೂಚಿಸಿದರು. ಚೆಂದದ ಪದ. ಆದರೆ ಕವಿಯ ಕಾಣ್ಕೆ, ದಾರ್ಶನಿಕನ ಕಾಣ್ಕೆ ಎಂದು ದೊಡ್ಡ ಹೊಳಹುಗಳಿಗೇ ಬಳಸುತ್ತೇವೆ. ಕಲ್ಲು ಕಣ್ಣಿಗೆ ಬಿದ್ದದ್ದಕ್ಕೆ ಅದು ಹೊಂದದು. 'ಗ್ರಹಿಕೆ'ಯನ್ನು ಪರ್ಸೆಪ್ಷನ್‌ಗೆ ಇಟ್ಟುಕೊಂಡಿದ್ದೇವೆ.

ನಿಜಕ್ಕೂ ಕಾಡುತ್ತಿರುವುದು ಬೇರೆ. ದೇಶ (ಸ್ಪೇಸ್), ಕಾಲ ಎರಡೂ 'ಶುದ್ಧ' ಇಂಟ್ಯೂಷನ್ ಎನ್ನುತ್ತಾನೆ ಕಾಂಟ್. ಇಂದ್ರಿಯಗಳಿಂದ ಬಂದದ್ದೇನೂ ಅದರಲ್ಲಿ ಬೆರೆತಿಲ್ಲ ಎಂದರ್ಥ. 'ಶುದ್ಧ ನೋಟ' ಎಂದರೆ ಕೆಟ್ಟ ಭಾವವಿಲ್ಲದ ದೃಷ್ಟಿ ಎಂದು ಕೇಳಿಸುತ್ತದೆ. 'ಬರಿನೋಟ' ಎಂದರೆ ಸುಮ್ನೆ ನೋಡಿದ್ದು ಎಂದಾಗುತ್ತದೆ. ಭಾರತೀಯ ದರ್ಶನಗಳಲ್ಲೊಂದಾದ ನ್ಯಾಯದರ್ಶನದ 'ನಿರ್ವಿಕಲ್ಪಕ ಪ್ರತ್ಯಕ್ಷ' ಹತ್ತಿರ ಬರುತ್ತದೆ ಎಂದು ಮೊದಲು ಅನ್ನಿಸಿತ್ತು. ಪರಿಕಲ್ಪನೆ ಸೇರುವ ಮುಂಚಿನ ಅರಿವು ಎಂಬಷ್ಟಕ್ಕೆ ಅದು ಒಗ್ಗುತ್ತದೆ. ಆದರೆ ಇಂದ್ರಿಯಕ್ಕೆ ಸಿಕ್ಕಿದ್ದನ್ನು ತಾನೇ ಪ್ರತ್ಯಕ್ಷ ಎನ್ನುವುದು? ಇಂದ್ರಿಯದ್ದೇನೂ ಇಲ್ಲದ ಪ್ರತ್ಯಕ್ಷ ಎಂದು ಹೇಳುವುದು ಹೇಗೆ?

ಮುಂದಿನ ವಾರ ಹಿಂದಕ್ಕೆ ಹೋಗಿ ಎ19/ಬಿ33ರಿಂದ ಮತ್ತೆ ಓದುತ್ತೇವೆ. ಅಷ್ಟರಲ್ಲಿ ನಮ್ಮ ಪದಪಟ್ಟಿಯಲ್ಲಿ ಒಂದು ಪದ ಬರೆದುಕೊಳ್ಳಬೇಕು. 'ನೋಟ'ವನ್ನು ಈ ಅರ್ಥದಲ್ಲಿ ಬಳಸಿದವರು ಯಾರಾದರೂ ಇದ್ದೀರಾ? 'ನೋಟ'ದ ಮುಂದೆ 'ಶುದ್ಧ'ದ ಬದಲು ಯಾವ ಪದ ನಿಲ್ಲುತ್ತದೆ? ಒಂದೊಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ತುಂಬಾ ಉಪಕಾರ.