‘ಅನ್‌ಫೋಲ್ಡ್’ ಎಂದರೂ ತಪ್ಪು, ‘ಅನ್‌ಫರ್ಲ್’ ಎಂದರೂ ತಪ್ಪು: ಇನ್ನೇನು ಬರೆಯಲಿ?

ಕೋಟೆಬುಡ (ಚಿತ್ರದುರ್ಗ):
ನಾನು ಬರೆದ ಒಂದೇ ಒಂದು ಇಂಗ್ಲಿಷ್ ವಾಕ್ಯ ಮೂರನೆಯ ಬಾರಿ ಕೆಂಪು ಶಾಯಿ ಹಚ್ಚಿಸಿಕೊಂಡು ಹಿಂದಕ್ಕೆ ಬಂದಿದೆ. ಮೊದಲು ‘ಓಪನ್ಡ್’ ಎಂದು ಬರೆದಿದ್ದೆ, ಅದು ಬಾಗಿಲಿಗೆ ಹೇಳುವ ಮಾತು ಎಂದರು. ಆಮೇಲೆ ‘ಅನ್‌ಫೋಲ್ಡೆಡ್’ ಎಂದೆ, ಕಥೆಗೆ ಒಪ್ಪುತ್ತದೆ, ಇಲ್ಲಿಗೆ ಒಪ್ಪುವುದಿಲ್ಲ ಎಂದರು. ನಿಘಂಟು ತಿರುವಿ ‘ಅನ್‌ಫರ್ಲ್ಡ್’ ಎಂದು ತಿದ್ದಿ ಕೊಟ್ಟರೆ ಈ ಸಲ ಬರಿಯ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ, ಕಾರಣವನ್ನೂ ಬರೆದಿಲ್ಲ. ಕನ್ನಡದಲ್ಲಾದರೆ ‘ಬಿಚ್ಚಿಕೊಂಡಿತು’ ಎಂದರೆ ಮುಗಿಯುತ್ತಿತ್ತು. ಫಲಕ ಬರೆಯುವವರು ನಾಳಿದ್ದು ಬರುತ್ತಾರೆ. ಬಟ್ಟೆಯ ವಿಷಯ, ಮೇಲಿನಿಂದ ಬಿಚ್ಚಿಕೊಳ್ಳುವಂಥದ್ದು. ಇದಕ್ಕಿಂತ ಹೆಚ್ಚಿನ ವಿವರ ಬೇಕಾಗಲಾರದು. ಯಾವ ಕ್ರಿಯಾಪದ ಸರಿ ಎಂದು ತಿಳಿದವರು ಹೇಳಿ.

ಹಿರೇಕಟ್ಟೆ (ಚಳ್ಳಕೆರೆ):
ಬಟ್ಟೆ ಎಂದಿರಿ, ಮೇಲಿನಿಂದ ಬಿಚ್ಚಿಕೊಳ್ಳುತ್ತದೆ ಎಂದಿರಿ, ಅಂದಮೇಲೆ ಅದು ಧ್ವಜವೇ ಆಗಿರಬೇಕು. ಆಗಸ್ಟ್ 15ರಂದು ಧ್ವಜವನ್ನು ಕಂಬದ ಬುಡದಿಂದ ಮೇಲಕ್ಕೇರಿಸುತ್ತಾರಾದ್ದರಿಂದ ಅದು ‘ಹಾಯ್ಸ್ಟ್’. ಜನವರಿ 26ರಂದು ಕಂಬದ ತುದಿಯಲ್ಲಿ ಮೊದಲೇ ಕಟ್ಟಿಟ್ಟ ಧ್ವಜದ ಗಂಟನ್ನು ಎಳೆದು ಬಿಚ್ಚುತ್ತಾರಾದ್ದರಿಂದ ಅದು ‘ಅನ್‌ಫರ್ಲ್’. ನೀವು ಆಗಸ್ಟ್ ಕಾರ್ಯಕ್ರಮಕ್ಕೆ ಜನವರಿಯ ಪದವನ್ನು ಬಳಸಿದ್ದೀರಿ, ಪ್ರಶ್ನಾರ್ಥಕ ಚಿಹ್ನೆ ಬಿದ್ದದ್ದು ಅದಕ್ಕೇ.

ಹತ್ತಿಗಿರಣಿ (ದಾವಣಗೆರೆ):
ಪ್ರತಿ ವರ್ಷವೂ ಈ ಪಾಠ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಕಟ್ಟುವ ಕ್ರಮದಲ್ಲಿ ವ್ಯತ್ಯಾಸವಿರುವುದು ನಿಜ, ಆದರೆ ಪದವನ್ನು ಹಾಗೆ ತಾರೀಖಿನ ಪ್ರಕಾರ ಹಂಚಿಕೊಡಲು ಬರುವುದಿಲ್ಲ. 2002ರ ಭಾರತೀಯ ಧ್ವಜ ಸಂಹಿತೆಯನ್ನೇ ತೆರೆದು ನೋಡಿ: ಧ್ವಜದಲ್ಲಿ ಯಾವ ವಸ್ತುವನ್ನೂ ಕಟ್ಟಿಡಬಾರದು ಎನ್ನುವಾಗ, ಅದನ್ನು ‘ಅನ್‌ಫರ್ಲ್’ ಮಾಡುವ ಮುನ್ನ ಹೂವಿನ ಪಕಳೆಗಳನ್ನು ಇಡಲು ಆಕ್ಷೇಪವಿಲ್ಲ ಎಂಬ ವಿನಾಯಿತಿ ಇದೆ, ಮತ್ತು ಅಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ ಎರಡರ ಹೆಸರೂ ಒಟ್ಟಿಗೇ ಬಂದಿದೆ.

ಹಿರೇಕಟ್ಟೆ:
ಸಂಹಿತೆ ಏನೇ ಹೇಳಲಿ, ರೂಢಿ ಎಂಬುದೊಂದಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವದಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹರಾಜಾಗುವ ಮುಕ್ತಿ ಬಾವುಟವನ್ನು ನೋಡಿದವರಿಗೆ ಏರಿಸುವುದು ಬೇರೆ, ಬಿಚ್ಚುವುದು ಬೇರೆ ಎಂದು ಹೇಳಿಕೊಡಬೇಕಾಗಿಲ್ಲ. ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವುದಾದರೆ ‘ಅನ್‌ಫರ್ಲ್’ ಬಿಟ್ಟು ಬೇರೆ ಯಾವ ಪದ ಹಾಕುತ್ತೀರಿ?

ಹತ್ತಿಗಿರಣಿ:
ಬೇರೆ ಕ್ರಿಯೆಗೆ ಬೇರೆ ಪದವಿದೆ ಎಂಬುದನ್ನು ನಾನು ಅಲ್ಲಗಳೆದಿಲ್ಲ. ಬೇರೆ ತಾರೀಖಿಗೆ ಬೇರೆ ಪದ ಎಂಬುದನ್ನು ಮಾತ್ರ ಒಪ್ಪುವುದಿಲ್ಲ.

ತೋಟದಮನೆ (ಚನ್ನಗಿರಿ):
ಇಬ್ಬರೂ ಧ್ವಜ ಹಿಡಿದುಕೊಂಡೇ ನಿಂತಿದ್ದೀರಿ. ಕೇಳಿದವರು ಧ್ವಜ ಎಂದು ಎಲ್ಲಿಯೂ ಬರೆದಿಲ್ಲ.

ಇಂಗ್ಲಿಷಿನವರು ಒಂದು ವಸ್ತು ತೆರೆದುಕೊಂಡ ಮೇಲೆ ಹೇಗಿದೆ ಎಂದು ನೋಡಿ ಕ್ರಿಯಾಪದವನ್ನು ಆರಿಸುವುದಿಲ್ಲ, ಅದಕ್ಕೆ ಮುನ್ನ ಅದು ಹೇಗೆ ಮುಚ್ಚಿಕೊಂಡಿತ್ತು ಎಂಬುದನ್ನು ನೋಡುತ್ತಾರೆ. ಮಡಿಚಿಟ್ಟ ನಕ್ಷೆ, ಪತ್ರ, ಕರವಸ್ತ್ರಗಳಿಗೆ ‘ಅನ್‌ಫೋಲ್ಡ್’. ಸುರುಳಿ ಸುತ್ತಿಟ್ಟ ಚಾಪೆಗೆ ‘ಅನ್‌ರೋಲ್’. ಸುತ್ತಿ ಬಿಗಿದು ಕಟ್ಟಿದ್ದ ಹಾಯಿ ಅಥವಾ ಬಾವುಟ ಗಾಳಿಗೆ ಹರಡಿಕೊಂಡರೆ ‘ಅನ್‌ಫರ್ಲ್’. ಹಾಯಿಯನ್ನು ಸುತ್ತಿ ಕಟ್ಟುವುದಕ್ಕೆ ‘ಫರ್ಲ್’ ಎನ್ನುತ್ತಾರೆ, ಅದರ ವಿರುದ್ಧ ಕ್ರಿಯೆಯೇ ಇದು. ನಮ್ಮ ತೋಟದಲ್ಲಿ ಬಾಳೆಯ ಎಲೆ ಕೊಳವೆಯಂತೆ ಸುತ್ತಿಕೊಂಡು ಹೊರಬಂದು ನಿಧಾನವಾಗಿ ಸುಳಿ ಬಿಚ್ಚುತ್ತದಲ್ಲ, ಅದಕ್ಕೂ ‘ಅನ್‌ಫರ್ಲ್’ ಚೆನ್ನಾಗಿ ಒಪ್ಪುತ್ತದೆ. ನವಿಲು ಗರಿ ಬಿಚ್ಚಿದರೆ ಮಾತ್ರ ‘ಸ್ಪ್ರೆಡ್’ ಅಥವಾ ‘ಫ್ಯಾನ್ ಔಟ್’, ಏಕೆಂದರೆ ಗರಿಗಳನ್ನು ಯಾರೂ ಸುತ್ತಿಟ್ಟಿರಲಿಲ್ಲ. ಸುಳಿ, ಗರಿ, ಕೊಡೆ, ಗಂಟು, ಹೆಡೆ ಎಲ್ಲವನ್ನೂ ‘ಬಿಚ್ಚು’ ಎಂಬ ಒಂದೇ ಮಾತಿನಲ್ಲಿ ನಿಭಾಯಿಸುವ ನಮಗೆ ಇದು ಕಿರಿಕಿರಿ ಎನಿಸುವುದು ಸಹಜ. ‘ಅನ್‌ಫೋಲ್ಡ್’ ಕಥೆಗೆ ಮಾತ್ರ ಎಂದು ಹೇಳಿದವರೂ ಅವಸರದಲ್ಲಿ ಹೇಳಿದ್ದಾರೆ. ಮಡಿಕೆ ಬಿಚ್ಚುವುದೇ ಅದರ ಮೂಲಾರ್ಥ, ಕಥೆ ಮತ್ತು ಘಟನೆಗಳಿಗೆ ಅದು ಆಮೇಲೆ ಹತ್ತಿದ್ದು.

ಆದ್ದರಿಂದ ವಸ್ತು ಯಾವುದು ಎಂದು ತಿಳಿಸಿ, ಸಾಧ್ಯವಾದರೆ ಇಡೀ ವಾಕ್ಯವನ್ನೇ ಹಾಕಿ.

ಕೋಟೆಬುಡ:
ಹೇಳದೆ ಹೋದದ್ದು ನನ್ನ ತಪ್ಪು. ನಮ್ಮ ಜಿಲ್ಲೆಯವರಿಗೆ ಹೇಳದೆಯೂ ತಿಳಿಯುತ್ತದೆ ಎಂದುಕೊಂಡಿದ್ದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಸ್ರೋದ ‘ಪುಷ್ಪಕ್’ ಎಂಬ ಮರುಬಳಕೆಯ ಬಾಹ್ಯಾಕಾಶ ವಾಹನದ ಮಾದರಿ ಮಾಡಿದ್ದೇವೆ, ಫಲಕ ಅದರದು. ಬಿಚ್ಚಿಕೊಳ್ಳುವುದು ಅದರ ಬ್ರೇಕ್ ಪ್ಯಾರಾಶೂಟ್. ವಾಕ್ಯ ಹೀಗಿದೆ: ‘ದಿ ಬ್ರೇಕ್ ಪ್ಯಾರಾಶೂಟ್ ಅನ್‌ಫರ್ಲ್ಡ್ ಇನ್ ದಿ ಏರ್ ಅಂಡ್ ದಿ ವೆಹಿಕಲ್ ಕೇಮ್ ಡೌನ್ ಸ್ಲೋಲಿ.’

ರನ್‌ವೇ (ದಾವಣಗೆರೆ):
ಪ್ಯಾರಾಶೂಟಿಗೆ ತಾಂತ್ರಿಕ ಬರಹದಲ್ಲಿ ಬಳಸುವ ಪದ ‘ಡಿಪ್ಲಾಯ್’. ‘ಅನ್‌ಫರ್ಲ್’ ಎಂದರೆ ಅರ್ಥವಾಗದೆ ಹೋಗುವುದಿಲ್ಲ, ಆದರೆ ಅದು ಕಾವ್ಯದ ಕಡೆಗೆ ವಾಲುತ್ತದೆ. ಚೀಲದಿಂದ ಹೊರಬಂದು ಹಗ್ಗಗಳು ಬಿಗಿಯುವವರೆಗಿನ ಕ್ರಿಯೆ ‘ಡಿಪ್ಲಾಯ್’, ಬಳಿಕ ಗಾಳಿ ತುಂಬಿ ಕೊಡೆಯಂತೆ ಉಬ್ಬುವುದು ‘ಇನ್‌ಫ್ಲೇಟ್’.

ಹಿರೇಕಟ್ಟೆ:
‘ಡಿಪ್ಲಾಯ್’ ಸೈನ್ಯವನ್ನು ನಿಯೋಜಿಸುವುದಕ್ಕೆ ಹೇಳುವ ಮಾತು. ಬಟ್ಟೆಯನ್ನು ಯಾರಾದರೂ ನಿಯೋಜಿಸುತ್ತಾರೆಯೇ?

ಹತ್ತಿಗಿರಣಿ:
ಸೈನ್ಯಕ್ಕೆ ಅದು ಹೋದದ್ದೇ ಬಟ್ಟೆಯ ಕಡೆಯಿಂದ. ಫ್ರೆಂಚಿನ ‘ದೆಪ್ಲಾಯೆ’ ಎಂದರೆ ಮಡಿಕೆ ಬಿಚ್ಚು ಎಂದೇ ಅರ್ಥ, ಅದರ ಲ್ಯಾಟಿನ್ ಬೇರಿನಿಂದಲೇ ‘ಡಿಸ್‌ಪ್ಲೇ’ ಕೂಡ ಬಂದಿದೆ. ಸಾಲಾಗಿ ಒತ್ತಾಗಿ ನಿಂತ ದಳ ಮೈದಾನದಲ್ಲಿ ಹರಡಿಕೊಳ್ಳುವುದು ಮಡಿಕೆ ಬಿಚ್ಚಿದಂತೆ ಕಂಡಿರಬೇಕು. ಈಗ ನನ್ನ ಮಗ ಬೆಂಗಳೂರಿನಲ್ಲಿ ಕುಳಿತು ತಂತ್ರಾಂಶವನ್ನೂ ‘ಡಿಪ್ಲಾಯ್’ ಮಾಡುತ್ತಾನೆ. ಅಲ್ಲಿ ಯಾವ ಮಡಿಕೆ ಇದೆಯೋ ಅವನಿಗೂ ಗೊತ್ತಿಲ್ಲ.

ರನ್‌ವೇ:
ಪದ ಹಾಗಿರಲಿ. ಕೋಟೆಬುಡ ಅವರೇ, ಆ ಪ್ರಶ್ನಾರ್ಥಕ ಚಿಹ್ನೆ ಯಾವ ಪದದ ಮೇಲಿದೆ ಎಂದು ಇನ್ನೊಮ್ಮೆ ನೋಡುತ್ತೀರಾ? ನಿಮ್ಮ ವಾಕ್ಯದಲ್ಲಿ ಕ್ರಿಯಾಪದಕ್ಕಿಂತ ದೊಡ್ಡ ತೊಂದರೆ ಇದೆ. ಚಿತ್ರದುರ್ಗ ಜಿಲ್ಲೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ನಡೆದ ಮೂರು ಪ್ರಯೋಗಗಳಲ್ಲಿಯೂ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟಿತು, ವಾಹನ ತಾನೇ ದಾರಿ ಹಿಡಿದು ವಿಮಾನದಂತೆ ರನ್‌ವೇಗೆ ಇಳಿಯಿತು. ಮೂರನೆಯ ಪ್ರಯೋಗದಲ್ಲಿ ಇಳಿಯುವ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿತ್ತು. ಚಕ್ರ ನೆಲ ಮುಟ್ಟಿದ ಮೇಲೆ ಬ್ರೇಕ್ ಪ್ಯಾರಾಶೂಟ್ ಬಿಚ್ಚಿಕೊಂಡು ಆ ವೇಗವನ್ನು ಸುಮಾರು 100ಕ್ಕೆ ಇಳಿಸಿತು, ಆಮೇಲೆ ಚಕ್ರದ ಬ್ರೇಕುಗಳು ನಿಲ್ಲಿಸಿದವು. ಆಕಾಶದಲ್ಲಿ ಬಿಚ್ಚಿಕೊಂಡು ಮೆಲ್ಲಗೆ ತೇಲಿಸಿ ಇಳಿಸುವ ಪ್ಯಾರಾಶೂಟ್ ಇದಲ್ಲ.

ಕೋಟೆಬುಡ:
ಹಾಳೆ ತೆಗೆದು ನೋಡಿದೆ. ಚಿಹ್ನೆ ಇರುವುದು ‘ಇನ್ ದಿ ಏರ್’ ಮೇಲೆ. ಮೊದಲೆರಡು ಬಾರಿ ಕ್ರಿಯಾಪದವನ್ನೇ ಸುತ್ತಿದ್ದರಿಂದ ಮೂರನೆಯ ಬಾರಿಯೂ ನನ್ನ ಕಣ್ಣು ಅಲ್ಲಿಗೇ ಹೋಗಿತ್ತು. ಈಗ ‘ಆಫ್ಟರ್ ಟಚ್‌ಡೌನ್, ದಿ ಬ್ರೇಕ್ ಪ್ಯಾರಾಶೂಟ್ ವಾಸ್ ಡಿಪ್ಲಾಯ್ಡ್’ ಎಂದು ತಿದ್ದಿದ್ದೇನೆ. ಮಾದರಿಯಲ್ಲಿ ಪ್ಯಾರಾಶೂಟನ್ನು ದಾರ ಕಟ್ಟಿ ಛಾವಣಿಯಿಂದ ತೂಗುಬಿಟ್ಟಿದ್ದೆವು, ಅದನ್ನೂ ಬಿಚ್ಚಿ ವಾಹನದ ಬಾಲಕ್ಕೆ ಕಟ್ಟಬೇಕಾಗಿದೆ.

ತೋಟದಮನೆ:
ಬಾಲಕ್ಕೆ ಕಟ್ಟಿದ ಮೇಲೆ ಹಿಂದಿನಿಂದ ಒಂದು ಸಣ್ಣ ತಂತಿಯ ಆಧಾರ ಕೊಡಿ, ಇಲ್ಲವಾದರೆ ಪ್ಯಾರಾಶೂಟಿನ ಬಟ್ಟೆ ಮೇಜಿನ ಮೇಲೆ ಮುದ್ದೆಯಾಗಿ ಬಿದ್ದುಕೊಳ್ಳುತ್ತದೆ.

ಹಿರೇಕಟ್ಟೆ:
ಮುಕ್ತಿ ಬಾವುಟಕ್ಕೆ ಯಾವ ಪದ ಎಂಬ ನನ್ನ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.