ಅಪ್‌ಡೇಟ್: ಓಡುವಾಗ ವಾಚ್ 170 ದಾಟ್ತಿದ್ದ ವಿಷಯ

ಕುಕ್ಕರಹಳ್ಳಿ ಕೆರೆ ಸುತ್ತ ನಿಧಾನಕ್ಕೆ ಓಡಿದರೂ ವಾಚ್‌ನಲ್ಲಿ ಹಾರ್ಟ್ ರೇಟ್ 170 ದಾಟುತ್ತೆ, ಹೆದರಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಡಾಕ್ಟರ್ ಹತ್ತಿರ ಹೋದೆ. ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಎರಡೂ ನಾರ್ಮಲ್. ಆಮೇಲೆ ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಹಾರ್ಟ್ ರೇಟ್ ಅಳೆಯೋಕೆ ಎದೆಗೆ ಕಟ್ಟುವ ಪಟ್ಟಿ ತಂದೆ. ("ಓಡೋಕೆ ಹೊರಟಿದ್ದೀರೋ, ಆಪರೇಷನ್‌ಗೋ?" ಅಂದಳು ಮನೆಯವಳು.) ಎರಡನ್ನೂ ಒಟ್ಟಿಗೆ ಹಾಕಿ ಓಡಿದರೆ ವಾಚ್‌ನಲ್ಲಿ 172, ಪಟ್ಟಿಯಲ್ಲಿ 139! ನನ್ನ ಹೆಜ್ಜೆ ನಿಮಿಷಕ್ಕೆ ಎಷ್ಟು ಗೊತ್ತಾ? ಅದೂ 172ರ ಆಸುಪಾಸು. ವಾಚ್ ಎಣಿಸ್ತಿದ್ದದ್ದು ಎದೆಬಡಿತವನ್ನಲ್ಲ, ಕಾಲನ್ನ.

ವಾಚ್‌ನ ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತ ನೋಡುತ್ತೆ. ಬೆಲ್ಟ್ ಸಡಿಲವಿದ್ದು ಕೈ ಜಾಸ್ತಿ ಅಲ್ಲಾಡಿದರೆ ಹೆಜ್ಜೆಯ ಲಯಕ್ಕೇ ಅಂಟಿಕೊಳ್ಳಬಹುದು. ಎದೆಪಟ್ಟಿ ಹೃದಯದ ವಿದ್ಯುತ್ ಸಿಗ್ನಲ್ಲನ್ನೇ ಹಿಡಿಯುತ್ತೆ. ಆದರೆ ಕಟ್ಟುವ ಮೊದಲು ಒಳಭಾಗ ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬೆವರು ಬರೋವರೆಗೆ ಏನೇನೋ ನಂಬರ್.

ಹಾಗಂತ ವಾಚನ್ನು ಎಸೆದಿಲ್ಲ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಬಿಗಿಯಾಗಿ ಕಟ್ಟಿದರೆ ನಡಿಗೆಗೆ ಧಾರಾಳ ಸಾಕು.

ಬಡಿತ ಹೆಚ್ಚೆಂದರೆ ಎಷ್ಟಕ್ಕೆ ಏರಬಹುದು ಅಂತ ತಿಳಿಯೋಕೆ 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಸುಮಾರಿನದು ಅಷ್ಟೇ. 52ರ ನನಗೆ 168 ಬರುತ್ತೆ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಹೆಚ್ಚುಕಮ್ಮಿ ಇರೋದು ಮಾಮೂಲಿ.

ಬಿಪಿ ಮಾತ್ರೆ ತಗೊಳ್ಳೋರಿಗೂ ಇದೇ ಲೆಕ್ಕನಾ ಅಂತ ಕೇಳಿದ್ದವರಿಗೆ: ಅದು ಬೀಟಾ ಬ್ಲಾಕರ್ (ಬಡಿತ ನಿಧಾನ ಮಾಡುವ ಮಾತ್ರೆ) ಆಗಿದ್ದರೆ ಬಡಿತ ಅಷ್ಟಾಗಿ ಏರಲ್ಲ, ಈ ಲೆಕ್ಕ ನಡೆಯಲ್ಲ. ನಿಮ್ಮ ಮಿತಿಯನ್ನು ಡಾಕ್ಟರ್ ಹತ್ತಿರವೇ ಕೇಳಿಕೊಳ್ಳಿ.