ಪ್ರಶ್ನೋತ್ತರ: ಟ್ರ್ಯಾಕಿಂಗ್ ಮತ್ತು ಆಟೋಗೈಡಿಂಗ್ ತೊಂದರೆಗಳು

ಅಡ್ಮಿನ್: ಆಕಾಶದ ಫೋಟೋ ತೆಗೆಯುವಾಗ ಟೆಲಿಸ್ಕೋಪನ್ನು ನಕ್ಷತ್ರಗಳ ಜೊತೆ ತಿರುಗಿಸುವ ಮೌಂಟ್ ರಿಪೇರಿ ಮಾಡುವ ತಂತ್ರಜ್ಞರು ಇವತ್ತು ಉತ್ತರ ಕೊಡ್ತಾರೆ. ಫೋಕಲ್ ಲೆಂತ್, ಪಿಕ್ಸೆಲ್ ಅಳತೆ, ಮೌಂಟ್ ಮಾಡೆಲ್ ಹಾಕದೆ ಪ್ರಶ್ನೆ ಕೇಳಬೇಡಿ.

ಹೊಸಬ: ಎರಡನೇ ಕ್ಯಾಮೆರಾದಲ್ಲಿ ಒಂದು ನಕ್ಷತ್ರ ನೋಡುತ್ತಾ ಮೌಂಟನ್ನು ತಿದ್ದುವ ಪಿಎಚ್‌ಡಿ2 ಸಾಫ್ಟ್‌ವೇರ್‌ನಲ್ಲಿ ಅಗ್ರೆಸಿವ್‌ನೆಸ್ (ಕಂಡ ತಪ್ಪಿನಲ್ಲಿ ಶೇಕಡಾ ಎಷ್ಟು ತಿದ್ದಬೇಕು ಅನ್ನೋದು) ಎಷ್ಟಿಡಬೇಕು ಸರ್?

ತಂತ್ರಜ್ಞ: ಅದರಲ್ಲೇ ಇರುವ ಗೈಡಿಂಗ್ ಅಸಿಸ್ಟೆಂಟ್ ಓಡಿಸಿ. ಅದು ಹೇಳುವ ಮಿನಿಮಮ್ ಮೂವ್ (ಇದಕ್ಕಿಂತ ಚಿಕ್ಕ ತಪ್ಪನ್ನು ತಿದ್ದಬೇಡ ಅನ್ನುವ ಮಿತಿ) ಹಾಕಿ. ಅಗ್ರೆಸಿವ್‌ನೆಸ್ ಮುಟ್ಟುವುದು ಆಮೇಲೆ.

ಕೃತ್ತಿಕಾ: 600 ಎಂಎಂ ರಿಫ್ರ್ಯಾಕ್ಟರ್, 3.76 ಮೈಕ್ರಾನ್ ಕ್ಯಾಮೆರಾ, ಮೇಲೆ ಪ್ರತ್ಯೇಕ ಗೈಡ್ ಸ್ಕೋಪ್. ಒಟ್ಟು ಆರ್‌ಎಂಎಸ್ (ಗೈಡಿಂಗ್‌ನ ಸರಾಸರಿ ತಪ್ಪು) 0.6 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ). ಆದರೂ 300 ಸೆಕೆಂಡ್ ಫ್ರೇಮಿನಲ್ಲಿ ನಕ್ಷತ್ರಗಳು ಉದ್ದ. ಒಂದು ಗಂಟೆಯಲ್ಲಿ ಚಿತ್ರ ಸುಮಾರು 40 ಪಿಕ್ಸೆಲ್ ಸರಿದಿದೆ. ಡಿದರಿಂಗ್ (ಫ್ರೇಮ್‌ಗಳ ನಡುವೆ ಬೇಕಂತಲೇ ಚೂರು ಸರಿಸುವುದು) ಆಫ್.

ತಂತ್ರಜ್ಞ: ಮೊದಲು ಲೆಕ್ಕ. 206.265 (ಕೋನಕ್ಕೆ ಬದಲಿಸುವ ಸ್ಥಿರಾಂಕ) × 3.76 ÷ 600, ಅಂದರೆ ಪಿಕ್ಸೆಲ್‌ಗೆ 1.29 ಆರ್ಕ್‌ಸೆಕೆಂಡ್. 40 ಪಿಕ್ಸೆಲ್ ಅಂದರೆ ಗಂಟೆಗೆ ಸುಮಾರು 52. ಐದು ನಿಮಿಷಕ್ಕೆ 4.3 ಆರ್ಕ್‌ಸೆಕೆಂಡ್, ಮೂರು ಪಿಕ್ಸೆಲ್‌ಗೂ ಮೇಲೆ. ಉದ್ದ ಕಾಣಲೇಬೇಕು.

ಗ್ರಾಫ್ ತೋರಿಸುವುದು ಗೈಡ್ ಕ್ಯಾಮೆರಾ ಕಂಡಿದ್ದನ್ನು ಮಾತ್ರ. ಗೈಡ್ ಸ್ಕೋಪೇ ಮುಖ್ಯ ಟ್ಯೂಬಿನಿಂದ ಬೇರೆ ಕಡೆ ಬಾಗುತ್ತಿದ್ದರೆ ಸಾಫ್ಟ್‌ವೇರ್ ಆ ಬಾಗನ್ನೇ ಬೆನ್ನು ಹತ್ತುತ್ತೆ, ಗ್ರಾಫ್ ಮಾತ್ರ ಚೆನ್ನಾಗಿರುತ್ತೆ. ಹಾಟ್ ಪಿಕ್ಸೆಲ್ (ಸೆನ್ಸರ್‌ನಲ್ಲಿ ಸದಾ ಬೆಳಗುವ ಚುಕ್ಕೆ) ಹಿಡಿದು ಗೈಡ್ ಮಾಡಿದಾಗಲೂ ಗ್ರಾಫ್ ಚೆಂದ, ಆದರೆ ಆಗ ಆರ್‌ಎಂಎಸ್ ಸೊನ್ನೆ ಹತ್ತಿರ ಇರುತ್ತೆ. ನಿಮ್ಮದು 0.6, ಹಾಗಾಗಿ ಅದಲ್ಲ. ಉಳಿದ ಅನುಮಾನ ಪೋಲಾರ್ ಅಲೈನ್‌ಮೆಂಟ್, ಅಂದರೆ ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡುವುದು. ಅದು ತಪ್ಪಿದ್ದರೆ ಚಿತ್ರ ಗೈಡ್ ನಕ್ಷತ್ರದ ಸುತ್ತ ತಿರುಗುತ್ತೆ, ಅದರಿಂದ ದೂರದ ಮೂಲೆಗಳಲ್ಲಿ ಎಳೆತ ಜಾಸ್ತಿ. ಬಾಗುವಿಕೆಯಾದರೆ ನಾಲ್ಕೂ ಮೂಲೆಯಲ್ಲಿ ಅಷ್ಟೇ ಉದ್ದ, ಒಂದೇ ದಿಕ್ಕು. ಮೂಲೆಗಳನ್ನು ನೂರಕ್ಕೆ ನೂರು ಗಾತ್ರದಲ್ಲಿ ನೋಡಿ ಹೇಳಿ. ಗೈಡ್ ಸ್ಕೋಪ್ ಹೇಗೆ ಕೂತಿದೆ ಅಂತಲೂ ಬರೀರಿ.

ಮೂರನೇಕಾಲು: ಮೌಂಟ್‌ನ ಅಕ್ಷ ತಿರುಗಿಸುವ ವರ್ಮ್ ಗೇರಿನ ಸಡಿಲ ಆಟದ (ಬ್ಯಾಕ್‌ಲ್ಯಾಷ್) ಬಗ್ಗೆ ಇನ್ನೊಂದು ಗುಂಪಿಂದ ಬಂದಿದ್ದು: “ವರ್ಮ್ ಸ್ಕ್ರೂ ಆಟ ಪೂರ್ತಿ ಹೋಗುವ ತನಕ ಬಿಗಿ ಮಾಡಿ, ತುಕ್ಕು ಬಿಡಿಸೋ ಸ್ಪ್ರೇ ಹೊಡೆಯಿರಿ, ಬ್ಯಾಕ್‌ಲ್ಯಾಷ್ ಮಾಯ.” ಮಾಡಬಹುದಾ?

ತಂತ್ರಜ್ಞ: ಬೇಡ. ಆ ಸ್ಪ್ರೇ ಇರುವ ಗ್ರೀಸನ್ನೂ ತೊಳೆದು ಹಾಕುತ್ತೆ, ಕ್ಲಚ್‌ಗೆ ತಾಗಿದರೆ ಕ್ಲಚ್ ಜಾರುತ್ತೆ. ವರ್ಮ್ ಚಕ್ರ ಪೂರ್ತಿ ದುಂಡಗಿರಲ್ಲ. ಒಂದು ಕಡೆ ಆಟ ಸೊನ್ನೆ ಮಾಡಿದರೆ ಇನ್ನೊಂದು ಕಡೆ ಕಚ್ಚಿಕೊಳ್ಳುತ್ತೆ, ಚಳಿಯಲ್ಲಿ ಇನ್ನೂ ಬಿಗಿ. ಮೋಟರ್ ಸ್ಟೆಪ್ ತಪ್ಪುತ್ತೆ. ಮಾಡಲೇಬೇಕಿದ್ದರೆ ಒಂದು ಸಲಕ್ಕೆ 1/8 ಸುತ್ತು, ಪ್ರತಿ ಸಲ ಅಕ್ಷವನ್ನು ಇಡೀ 360 ಡಿಗ್ರಿ ತಿರುಗಿಸಿ ಸದ್ದು ಕೇಳಿ. ಡೆಕ್‌ನಲ್ಲಿ (ಉತ್ತರ-ದಕ್ಷಿಣಕ್ಕೆ ತಿರುಗುವ ಅಕ್ಷ) ಚೂರು ಆಟ ಉಳಿದರೆ ಏನೂ ಮುಳುಗಲ್ಲ. ಡ್ರಿಫ್ಟ್ ಯಾವ ಕಡೆಗೋ ನೋಡಿ, ಅದಕ್ಕೆ ಎದುರಿನ ಒಂದೇ ದಿಕ್ಕಿಗೆ ಗೈಡ್ ಮಾಡಿ. ಇಂಥ ಮೆಸೇಜ್ ಬರೆದವನು ನಿಮ್ಮ ಗೇರ್ ಬದಲಿಸಿ ಕೊಡಲ್ಲ.

ಧೂಮಕೇತು: ಅಗ್ರೆಸಿವ್‌ನೆಸ್ 100 ಇಟ್ಟು, ಎಕ್ಸ್‌ಪೋಶರ್ ಅರ್ಧ ಸೆಕೆಂಡ್ ಮಾಡಿದರೆ ಚುರುಕಾಗಲ್ವಾ?

ತಂತ್ರಜ್ಞ: ಗಾಳಿಯ ನಡುಕವನ್ನು ಬೆನ್ನಟ್ಟುತ್ತೀರಿ. ವರ್ಮ್ ಮೌಂಟ್‌ಗೆ 2ರಿಂದ 4 ಸೆಕೆಂಡ್.

ರಾತ್ರಿಪಾಳಿ: ಹಾರ್ಮೋನಿಕ್ ಮೌಂಟ್ (ವರ್ಮ್ ಬದಲು ಬಾಗುವ ಗೇರ್ ಇರುವುದು) ತಗೊಂಡರೆ ಈ ತಲೆನೋವು ಯಾವುದೂ ಇಲ್ಲ. ಬ್ಯಾಕ್‌ಲ್ಯಾಷೂ ಇಲ್ಲ, ತೂಕದ ಕಲ್ಲೂ ಬೇಡ.

ಧೂಮಕೇತು: ಗೈಡಿಂಗ್ ಇಲ್ಲದೆ ಅದರಲ್ಲಿ ಒಂದು ನಿಮಿಷ ತೆಗೆದು ತೋರಿಸಿ ನೋಡೋಣ.

ರಾತ್ರಿಪಾಳಿ: ಗೈಡಿಂಗ್ ಇಲ್ಲದೆ ಯಾಕೆ ತೆಗೀಬೇಕು? ನಿಮ್ಮ ವಾದಕ್ಕೆ ಅರ್ಥ ಇದೆಯಾ?

ಧೂಮಕೇತು: ಮೋಡ ಬಂದು ಗೈಡ್ ನಕ್ಷತ್ರ ಕಳೆದಾಗ ಗೊತ್ತಾಗುತ್ತೆ ಅರ್ಥ.

ತಂತ್ರಜ್ಞ: ಹಾರ್ಮೋನಿಕ್‌ಗೆ ಪೀರಿಯಾಡಿಕ್ ಎರರ್ (ಗೇರಿನ ಪ್ರತಿ ಸುತ್ತಿಗೂ ಮರುಕಳಿಸುವ ತಪ್ಪು) ದೊಡ್ಡದು, ಬೇಗ ಬದಲಾಗುತ್ತೆ. ಅದಕ್ಕೇ 1 ಸೆಕೆಂಡ್ ಅಥವಾ ಕಡಿಮೆ ಎಕ್ಸ್‌ಪೋಶರ್. ಜಗಳ ಬೇರೆ ಕಡೆ ಆಡಿ.

ಸಪ್ತರ್ಷಿ: ನನ್ನ ಮೌಂಟ್ ಎಚ್‌ಇಕ್ಯೂ5. ಸುಮಾರು 10-11 ನಿಮಿಷಕ್ಕೊಮ್ಮೆ ಆರ್‌ಎ (ಪೂರ್ವ-ಪಶ್ಚಿಮಕ್ಕೆ ತಿರುಗುವ ಅಕ್ಷ) ಗ್ರಾಫ್ ಗುಡ್ಡದ ಹಾಗೆ ಏಳುತ್ತೆ.

ತಂತ್ರಜ್ಞ: ವರ್ಮ್‌ನ ಒಂದು ಸುತ್ತು, 638 ಸೆಕೆಂಡ್. ಮರುಕಳಿಸುವ ತಪ್ಪನ್ನು ಮೊದಲೇ ಊಹಿಸಿ ತಿದ್ದುವ ಪ್ರಿಡಿಕ್ಟಿವ್ ಪಿಇಸಿ ಅಲ್ಗಾರಿದಂ ಹಾಕಿ, ಎರಡು ಸುತ್ತು ಕಲಿಯಲಿ. ಆರ್‌ಎ ತೂಕ ಪೂರ್ವಕ್ಕೆ ಚೂರು ಭಾರ ಇರಲಿ.

ಬೆಳ್ಳಿಚುಕ್ಕಿ: ಆಲ್ಟ್-ಆಜ್ (ಮೇಲೆ-ಕೆಳಗೆ, ಎಡ-ಬಲಕ್ಕೆ ತಿರುಗುವ) ಮೌಂಟ್‌ಗೆ ಗೈಡ್ ಸ್ಕೋಪ್ ಹಾಕಿದರೆ ಪ್ರಯೋಜನ ಇದೆಯಾ?

ಹೊಸಬ: ಗೈಡಿಂಗ್ ಅಸಿಸ್ಟೆಂಟ್ ಓಡಿಸಿದೆ. ಅಗ್ರೆಸಿವ್‌ನೆಸ್ ಹೇಳಲಿಲ್ಲ.

ತಂತ್ರಜ್ಞ: 70. ಗ್ರಾಫ್ ಗರಗಸದ ಹಾಗೆ ಎರಡೂ ಕಡೆ ಹಾರಿದರೆ ಇಳಿಸಿ.

ಕೃತ್ತಿಕಾ: ನಾಲ್ಕೂ ಮೂಲೆ ಒಂದೇ ಉದ್ದ, ಒಂದೇ ದಿಕ್ಕು. ಗೈಡ್ ಸ್ಕೋಪ್ ಎರಡು ಉಂಗುರದಲ್ಲಿದೆ, ತಲಾ ಮೂರು ಪ್ಲಾಸ್ಟಿಕ್ ತುದಿಯ ಸ್ಕ್ರೂ. ಕೇಬಲ್ ನೇರ ಕೆಳಗೆ ನೇತಾಡ್ತಿದೆ.

ರಾತ್ರಿಪಾಳಿ: ಪೋಲಾರ್ ಅಲೈನ್‌ಮೆಂಟೇ ಸರಿ ಇರಲ್ಲ, ನೋಡ್ತಿರಿ.

ತಂತ್ರಜ್ಞ: ರಾತ್ರಿಪಾಳಿ, ಮೇಲೆ ಬರೆದದ್ದನ್ನು ಓದಿ ಮಾತಾಡಿ. ಕೃತ್ತಿಕಾ, ತೊಂದರೆ ಅಲ್ಲೇ ಇದೆ. ಆ ಉಂಗುರ ತೆಗೆದು ಟ್ಯೂಬನ್ನು ಸುತ್ತಲೂ ಹಿಡಿಯುವ ಕ್ಲ್ಯಾಂಪ್ ಹಾಕಿ, ಕೆಳಗಿನ ಬಾರ್‌ಗೆ ಎರಡು ಬೋಲ್ಟ್. ಗೈಡ್ ಕ್ಯಾಮೆರಾ ಫೋಕಸರ್‌ನ ಲಾಕ್ ಸ್ಕ್ರೂ ಬಿಗಿ ಮಾಡಿ. ಕೇಬಲನ್ನು ಮೌಂಟ್ ತಲೆಯ ಹತ್ತಿರ ಕಟ್ಟಿ, ಕ್ಯಾಮೆರಾ ಕಡೆ ಸಡಿಲ ಲೂಪ್ ಬಿಡಿ. ಅಲ್ಲಿಯವರೆಗೆ 60 ಸೆಕೆಂಡಿನ ಫ್ರೇಮ್ ತೆಗೀರಿ, ಜಾರುವುದು ಮುಕ್ಕಾಲು ಪಿಕ್ಸೆಲ್‌ಗೂ ಕಡಿಮೆ. ಡಿದರಿಂಗ್ ಆನ್ ಮಾಡಿ, ಇಲ್ಲದಿದ್ದರೆ ಆ ಜಾರುವಿಕೆಯ ಗುಂಟ ಸ್ಟ್ಯಾಕ್‌ನಲ್ಲಿ (ಫ್ರೇಮ್‌ಗಳನ್ನೆಲ್ಲ ಕೂಡಿಸಿದ ಚಿತ್ರ) ಗೀರು ಗೀರಾದ ನಾಯ್ಸ್ ಬರುತ್ತೆ. ಇಷ್ಟಾದ ಮೇಲೂ ಗಂಟೆಗೆ 10 ಪಿಕ್ಸೆಲ್ ಮೀರಿದರೆ ಆಫ್-ಆಕ್ಸಿಸ್ ಗೈಡರ್ (ಮುಖ್ಯ ಟ್ಯೂಬಿನ ಬೆಳಕಿನಿಂದಲೇ ಗೈಡ್ ಮಾಡುವುದು) ಹಾಕಿ. ಗೈಡ್ ಲಾಗ್ ಕಳಿಸಿ, ಗ್ರಾಫ್‌ನ ಫೋಟೋ ಬೇಡ.